ಸ್ಟೈಲ್ ಹುಡುಕುವ ಮೊದಲು: ಗ್ರಾಫಿಕ್ ಡಿಸೈನ್ ಕಲಿಯುವವರಿಗೆ

ಗ್ರಾಫಿಕ್ ಡಿಸೈನ್ ಕಲಿಯಲು ಬಂದವರನ್ನು ಮೊದಲ ವರ್ಷ ಮುಗಿಯುವಷ್ಟರಲ್ಲಿ ಒಂದು ಚಿಂತೆ ಹಿಡಿದುಕೊಳ್ಳುತ್ತದೆ. ನನ್ನ ಸ್ಟೈಲ್ ಯಾವುದು? ಪಕ್ಕದ ಬೆಂಚಿನವಳ ಪೋಸ್ಟರ್ ನೋಡಿದ ಕೂಡಲೇ ಅವಳದೆಂದು ಗೊತ್ತಾಗುತ್ತದೆ, ನನ್ನದು ಮಾತ್ರ ಪ್ರತಿ ಸಲ ಬೇರೆ ಯಾರೋ ಮಾಡಿದ ಹಾಗಿರುತ್ತದೆ ಎಂಬ ಕಳವಳ. ಇನ್‌ಸ್ಟಾಗ್ರಾಂ ತೆರೆದರೆ ಕಳವಳ ಇಮ್ಮಡಿಯಾಗುತ್ತದೆ. ಅಲ್ಲಿ ಇಪ್ಪತ್ತರ ಹುಡುಗರೂ ತಮ್ಮದೇ ಬಣ್ಣ, ತಮ್ಮದೇ ಗೆರೆ ಇಟ್ಟುಕೊಂಡು ಹೆಸರು ಮಾಡಿರುತ್ತಾರೆ.

ವಿದ್ಯಾರ್ಥಿಗಳ ಕೆಲಸ ನೋಡುತ್ತ, ಅವರ ಜೊತೆ ಕೂತು ತಿದ್ದುತ್ತ ಬಂದ ನನಗೆ ಅನ್ನಿಸಿರುವುದನ್ನು ಮೊದಲೇ ಹೇಳಿಬಿಡುತ್ತೇನೆ. ಮೊದಲ ಎರಡು ವರ್ಷ ಸ್ಟೈಲ್ ಬಗ್ಗೆ ಯೋಚಿಸಬೇಡಿ, ಒಂದು ವಸ್ತುವನ್ನು ಆರಿಸಿಕೊಳ್ಳಿ. ಯಾವುದನ್ನು ಬೇಸರವಿಲ್ಲದೆ ದಿನವೂ ನೋಡಬಲ್ಲಿರೋ, ನೂರು ಸಲ ಬರೆದರೂ ಇನ್ನೊಂದು ಸಲ ಬರೆಯೋಣ ಅನ್ನಿಸುತ್ತದೋ, ಅದರ ಹಿಂದೆ ಬೀಳಿ. ಬೇಗ ಸ್ಟೈಲ್ ಕಟ್ಟಿಕೊಂಡವರು ಅದರೊಳಗೇ ಸಿಕ್ಕಿಕೊಳ್ಳುವುದನ್ನು ಕಂಡಿದ್ದೇನೆ. ಒಂದು ವಸ್ತುವಿಗೆ ಅಂಟಿಕೊಂಡವರ ಕೆಲಸದಲ್ಲಿ ಛಾಪು ತಾನಾಗಿ ಮೂಡಿದ್ದನ್ನೂ ಕಂಡಿದ್ದೇನೆ. ಕನ್ನಡ ಬಲ್ಲ ವಿದ್ಯಾರ್ಥಿಗೆ ಅಂಥ ವಸ್ತುವೊಂದು ಕೈಗೆಟಕುವಷ್ಟು ಹತ್ತಿರವಿದೆ. ಅದು ಕನ್ನಡ ಅಕ್ಷರ. ಇಂಗ್ಲಿಷ್ ಅಕ್ಷರದ ಮೇಲೆ ಐನೂರು ವರ್ಷಕ್ಕೂ ಮಿಕ್ಕಿ ಅಚ್ಚುಮೊಳೆ ಕೊರೆಯುವವರು, ಮುದ್ರಕರು, ಡಿಸೈನರ್‌ಗಳು ಕೆಲಸ ಮಾಡಿದ್ದಾರೆ. ಕನ್ನಡದ ಮೊದಲ ಮುದ್ರಿತ ಪುಸ್ತಕ ಎನ್ನಲಾಗುವ ವಿಲಿಯಂ ಕ್ಯಾರಿಯ ವ್ಯಾಕರಣ ಸೆರಾಂಪುರದಲ್ಲಿ ಅಚ್ಚಾದದ್ದು 1817ರಲ್ಲಿ. ನಮ್ಮಲ್ಲಿ ಮಾಡಬೇಕಾದ ಕೆಲಸ ಇನ್ನೂ ಬೇಕಾದಷ್ಟಿದೆ.

ಈ ಮಾತು ಮೈಸೂರಿನ ಕಾವಾದಲ್ಲೋ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲೋ ಅನ್ವಯಿಕ ಕಲೆ ಓದುತ್ತಿರುವವರಿಗೆ, ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಎನ್‌ಐಡಿ ಸೇರಿದವರಿಗೆ, ಖಾಸಗಿ ಡಿಸೈನ್ ಕಾಲೇಜಿಗೆ ಸಾಲ ಮಾಡಿ ಶುಲ್ಕ ಕಟ್ಟಿದವರಿಗೆ ಸಲ್ಲುತ್ತದೆ. ಕಾಲೇಜಿನ ಮುಖವನ್ನೇ ನೋಡದೆ ಊರಿನ ಡಿಟಿಪಿ ಅಂಗಡಿಯಲ್ಲಿ ಕೋರಲ್‌ಡ್ರಾ ಹಿಡಿದು ಕಲಿಯುತ್ತಿರುವವರಿಗೂ ಅಷ್ಟೇ ಸಲ್ಲುತ್ತದೆ. ಆ ಅಂಗಡಿಯಲ್ಲಿ ಕೂತವರಿಗೆ ಒಂದು ಅನುಕೂಲವೇ ಹೆಚ್ಚು. ಅಲ್ಲಿ ಕನ್ನಡ ದಿನವೂ ಕೈಯಲ್ಲಿ ಓಡಾಡುತ್ತಿರುತ್ತದೆ.

ಕೈಯಿಂದ ಶುರು ಮಾಡಿ

ಕಂಪ್ಯೂಟರ್ ತೆರೆಯುವ ಮುನ್ನ ಒಂದು ಚಪ್ಪಟೆ ಬ್ರಷ್ ಕೊಳ್ಳಿ. ಅರ್ಧ ಇಂಚು ಅಗಲದ್ದಾದರೆ ಸಾಕು. ಜೊತೆಗೆ ಪೋಸ್ಟರ್ ಕಲರ್ ಕಪ್ಪು, ಹಳೆಯ ದಿನಪತ್ರಿಕೆಗಳ ಕಟ್ಟು. ಪತ್ರಿಕೆಯನ್ನು ಅಡ್ಡ ತಿರುಗಿಸಿದರೆ ಅದರ ಕಾಲಂಗಳ ಅಂಚೇ ನಿಮಗೆ ಗೆರೆ ಎಳೆದು ಕೊಟ್ಟಿರುತ್ತದೆ.

ಮೊದಲು ಒಂದೇ ಅಕ್ಷರ ಸಾಕು. ‘ತ’ ತೆಗೆದುಕೊಳ್ಳಿ. ಬ್ರಷ್ಷಿನ ಅಂಚನ್ನು ಒಂದೇ ಓರೆಯಲ್ಲಿ ಹಿಡಿದು, ಕೈ ತಿರುಗಿಸದೆ, ಸುತ್ತನ್ನು ಎಳೆಯಿರಿ. ಗೆರೆ ಒಂದು ಕಡೆ ದಪ್ಪಗೂ ಇನ್ನೊಂದು ಕಡೆ ಸಣ್ಣಗೂ ತಾನಾಗಿ ಬರುತ್ತದೆ. ಈಗ ಬ್ರಷ್ಷಿನ ಓರೆಯನ್ನು ಬದಲಿಸಿ ಅದೇ ಅಕ್ಷರ ಬರೆಯಿರಿ. ದಪ್ಪ ಬೇರೆ ಕಡೆಗೆ ಸರಿಯುತ್ತದೆ, ಅಕ್ಷರದ ಮುಖಭಾವವೇ ಬದಲಾಗುತ್ತದೆ. ಆಮೇಲೆ ತಲೆಕಟ್ಟು. ಅದನ್ನು ಚಿಕ್ಕದಾಗಿ ಮೇಲಕ್ಕೆ ಚಿಮ್ಮಿಸಬಹುದು, ಅಡ್ಡಕ್ಕೆ ಎಳೆಯಬಹುದು, ಗಂಭೀರವಾಗಿ ನೇರ ನಿಲ್ಲಿಸಬಹುದು. ಒಂದು ತಲೆಕಟ್ಟಿನ ಆಕಾರ ಬದಲಿಸಿದರೆ ಮದುವೆ ಕರೆಯೋಲೆಯ ಅಕ್ಷರ ಸಹಕಾರಿ ಬ್ಯಾಂಕಿನ ಬೋರ್ಡಿನ ಅಕ್ಷರವಾಗಿಬಿಡುತ್ತದೆ.

ತಲೆಕಟ್ಟು ಎಲ್ಲ ಅಕ್ಷರಕ್ಕೂ ಇರುವುದಿಲ್ಲ. ಖ, ಜ, ಟ, ಣ, ಬ, ಲ ಬರೆದು ನೋಡಿ. ಹಾಗಾಗಿ ‘ಕಮಲ’ ಎಂದು ಬರೆದರೆ ಮೊದಲೆರಡು ಅಕ್ಷರದ ನೆತ್ತಿಯಲ್ಲಿ ತಲೆಕಟ್ಟು ಕೂತಿರುತ್ತದೆ, ಮೂರನೆಯದರ ನೆತ್ತಿ ಬೋಳು. ಮೂರೂ ಒಂದೇ ಎತ್ತರಕ್ಕೆ ಕಾಣಬೇಕಾದರೆ ಏನು ಮಾಡಬೇಕು? ‘ಲ’ವನ್ನು ಕೂದಲೆಳೆಯಷ್ಟು ಎತ್ತಬೇಕೇ, ಅದರ ಸುಳಿಯನ್ನು ಹಿಗ್ಗಿಸಬೇಕೇ? ಈ ಪ್ರಶ್ನೆಗೆ ಯಾವ ಯೂಟ್ಯೂಬ್ ಪಾಠದಲ್ಲೂ ಉತ್ತರ ಹುಡುಕಬೇಡಿ, ಕಣ್ಣಿಗೆ ಸರಿ ಅನ್ನಿಸುವವರೆಗೆ ಬರೆಯುತ್ತ ಹೋಗಿ. ಒಂದನೇ ತರಗತಿಯಲ್ಲಿ ಕಾಗುಣಿತ ಕಲಿಯುವಾಗ ರಾಗವಾಗಿ ಹೇಳಿದ ಇಳಿ, ಗುಡಿಸು, ಕೊಂಬು, ವಟ್ರಸುಳಿ, ಏತ್ವ, ಐತ್ವಗಳು ಈಗ ಡಿಸೈನ್ ಪಾಠವಾಗಿ ಮರಳುತ್ತವೆ. ಗುಡಿಸು ಬಂದಾಗ ತಲೆಕಟ್ಟು ಎಲ್ಲಿ ಹೋಯಿತು? ಕೊಂಬು ಬಲಕ್ಕೆ ಎಷ್ಟು ಜಾಗ ತಿಂದಿತು? ಒತ್ತಕ್ಷರ ಕೆಳಗಿಳಿದಾಗ ಮುಂದಿನ ಸಾಲಿನ ಗುಡಿಸಿಗೆ ತಾಗಿತೇ?

ದಿನಕ್ಕೆ ಅರ್ಧ ಗಂಟೆ ಸಾಕು. ಬರೆದದ್ದನ್ನು ಎಸೆಯದೆ, ಮೂಲೆಯಲ್ಲಿ ತಾರೀಖು ಹಾಕಿ ಇಟ್ಟುಕೊಳ್ಳಿ. ಆರು ತಿಂಗಳ ಹಿಂದಿನ ಹಾಳೆ ತೆಗೆದು ಇವತ್ತಿನದರ ಪಕ್ಕ ಇಟ್ಟಾಗ ಕೈ ಯಾವ ಕಡೆ ವಾಲುತ್ತಿದೆ ಎಂದು ತಿಳಿಯುತ್ತದೆ. ಕೆಲವರ ಅಕ್ಷರ ದಿನ ಕಳೆದಂತೆ ಗುಂಡಗಾಗುತ್ತದೆ, ಕೆಲವರದು ಬಿಗಿಯಾಗುತ್ತದೆ. ಯಾರೂ ಹೇಳಿಕೊಡದೆ ಆಗುವ ಆ ಬದಲಾವಣೆಯೇ ನಿಮ್ಮ ಛಾಪಿನ ಮೊದಲ ಸುಳಿವು.

ಮಾದರಿ ಬೇಕಾದರೆ ದೂರ ಹೋಗಬೇಕಿಲ್ಲ. 1843ರ ಜುಲೈನಲ್ಲಿ ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಹೊರತಂದ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಮುದ್ರಣವಾದದ್ದು. ಎಂದರೆ ಅಲ್ಲಿ ಕಾಣುವುದು ಸೀಸದ ಮೊಳೆಯಲ್ಲ, ಒಬ್ಬರ ಕೈಬರಹ. ಅದರ ಪುಟಗಳ ಚಿತ್ರ ಸಿಕ್ಕರೆ ಸಾಲುಗಳ ನಡುವಿನ ಅಂತರವನ್ನು ಗಮನಿಸಿ. ಬಾದಾಮಿಗೆ ಹೋದರೆ ಗುಹೆಗಳಷ್ಟನ್ನೇ ನೋಡಿ ಬರಬೇಡಿ, ಬಂಡೆಯ ಮೇಲಿನ ಕಪ್ಪೆ ಅರಭಟ್ಟನ ಶಾಸನದ ಮುಂದೂ ಸ್ವಲ್ಪ ಹೊತ್ತು ನಿಲ್ಲಿ. ಉಳಿಯಲ್ಲಿ ಕೆತ್ತಿದ ಅಕ್ಷರಕ್ಕೂ ಕಂಟದಿಂದ ತಾಳೆಗರಿಯ ಮೇಲೆ ಗೀಚಿದ ಅಕ್ಷರಕ್ಕೂ ಇರುವ ವ್ಯತ್ಯಾಸ ಕಣ್ಣಿಗೆ ಬಿದ್ದರೆ ಉಪಕರಣ ಅಕ್ಷರವನ್ನು ಹೇಗೆ ತಿದ್ದುತ್ತದೆ ಎಂಬುದು ಅರ್ಥವಾಗುತ್ತದೆ. ಬೆಂಗಳೂರಿನ ಮಿಥಿಕ್ ಸೊಸೈಟಿ ನಗರದ ಸುತ್ತಲಿನ ಶಾಸನಗಳನ್ನು 3ಡಿ ಸ್ಕ್ಯಾನ್ ಮಾಡಿ ಉಳಿಸುವ ಕೆಲಸ ನಡೆಸಿದೆ. ಕಲ್ಲಿನ ಬಳಿಗೆ ಹೋಗಲಾಗದವರಿಗೆ ಅದೊಂದು ದೊಡ್ಡ ನೆರವು.

ನೋಡುವ ಅಭ್ಯಾಸ

ಭಾರತ ಸರ್ಕಾರ 1958ರಲ್ಲಿ ಅಮೆರಿಕದ ಡಿಸೈನರ್ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ ಅವರಿಂದ ಒಂದು ವರದಿ ಬರೆಸಿತು. ಅದರ ಬೆನ್ನಿಗೇ 1961ರಲ್ಲಿ ಅಹಮದಾಬಾದಿನಲ್ಲಿ ಎನ್‌ಐಡಿ ಶುರುವಾಯಿತು. ಆ ವರದಿಯಲ್ಲಿ ಅವರು ಮನಸೋತು ಬರೆದದ್ದು ನಮ್ಮ ಚೊಂಬಿನ ಬಗ್ಗೆ. ಅದರಲ್ಲಿ ಎಷ್ಟು ನೀರು ಹಿಡಿಯುತ್ತದೆ, ತುಂಬಿದಾಗ ಭಾರ ಎಲ್ಲಿ ಬೀಳುತ್ತದೆ, ಸೊಂಟದ ಮೇಲೆ, ತಲೆಯ ಮೇಲೆ, ಕೈಯಲ್ಲಿ ಹೇಗೆ ಕೂರುತ್ತದೆ, ಬಗ್ಗಿಸಿದಾಗ ನೀರು ಹೇಗೆ ಸುರಿಯುತ್ತದೆ, ಬೆಲೆ ಎಷ್ಟು, ಹಳತಾದ ಮೇಲೆ ಅದರ ಲೋಹಕ್ಕೆ ಏನು ಬೆಲೆ ಸಿಗುತ್ತದೆ ಎಂದು ಒಂದರ ಹಿಂದೆ ಒಂದು ಪ್ರಶ್ನೆ ಕೇಳುತ್ತ ಹೋದರು. ನೋಡುವುದು ಎಂದರೆ ಹೀಗೆ ಕೇಳುವುದು. ಪಿಂಟರೆಸ್ಟ್‌ನಲ್ಲಿ ಚಿತ್ರ ಉಳಿಸಿಕೊಳ್ಳುವುದನ್ನು ಅಭ್ಯಾಸ ಎಂದುಕೊಂಡವರು ಈ ವರದಿಯನ್ನು ಒಮ್ಮೆ ಓದಲೇಬೇಕು. ಪುಟಗಳು ಕಡಿಮೆ, ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ.

ನಿಮ್ಮ ಮನೆಯ ಬಚ್ಚಲಿನಿಂದಲೇ ಶುರು ಮಾಡಬಹುದು. ಮೈಸೂರು ಸ್ಯಾಂಡಲ್ ಸೋಪಿನ ಪೆಟ್ಟಿಗೆಯನ್ನು ಎಸೆಯಬೇಡಿ. ಶತಮಾನದ ಹಿಂದೆ ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ವಿಶ್ವೇಶ್ವರಯ್ಯನವರ ಕಾಲದಲ್ಲಿ ಶುರುವಾದ ಸಾಬೂನು ಅದು. ಇಂಗ್ಲೆಂಡಿನಲ್ಲಿ ಸಾಬೂನು ತಯಾರಿಕೆ ಕಲಿತು ಬಂದ ಎಸ್.ಜಿ. ಶಾಸ್ತ್ರಿಯವರು ಅದನ್ನು ರೂಪಿಸಿದರು. ಸಾಬೂನು ಮೊಟ್ಟೆಯಾಕಾರ, ಅದನ್ನಿಟ್ಟದ್ದು ಒಡವೆ ಪೆಟ್ಟಿಗೆಯಂಥ ಆಯತಾಕಾರದ ಡಬ್ಬಿಯಲ್ಲಿ, ಮೇಲೆ ಸಿಂಹದ ಮೈಗೆ ಆನೆಯ ತಲೆಯಿಟ್ಟ ಶರಭದ ಲಾಂಛನ. ಡಬ್ಬಿಯನ್ನು ಜೋಪಾನವಾಗಿ ಬಿಡಿಸಿ ಹಾಳೆಯ ಮೇಲೆ ಚಪ್ಪಟೆ ಹರಡಿ. ಎಷ್ಟು ಬಣ್ಣಗಳಿವೆ ಎಣಿಸಿ. ಹೂಬಳ್ಳಿ ಎಲ್ಲಿ ಶುರುವಾಗಿ ಯಾವ ಮಡಿಕೆಯಲ್ಲಿ ಮುಗಿಯುತ್ತದೆ ನೋಡಿ. ಕನ್ನಡ ಯಾವ ಮೈಯಲ್ಲಿದೆ, ಇಂಗ್ಲಿಷ್ ಯಾವ ಮೈಯಲ್ಲಿದೆ? ಅಂಗಡಿಯ ಕಪಾಟಿನಲ್ಲಿ ಜೋಡಿಸಿದಾಗ ಗಿರಾಕಿಗೆ ಕಾಣುವ ಮೈ ಯಾವುದು? ಕಾಯ್ದೆಯ ಪ್ರಕಾರ ಅಚ್ಚು ಮಾಡಲೇಬೇಕಾದ ಬೆಲೆ, ತೂಕ, ತಾರೀಖಿಗೆ ಎಲ್ಲಿ ಜಾಗ ಮಾಡಿದ್ದಾರೆ? ಆಮೇಲೆ ಅದನ್ನೇ ಅಳತೆಗೆ ಸರಿಯಾಗಿ ಕೈಯಿಂದ ಮತ್ತೆ ಬರೆಯಿರಿ. ಒಂದು ಭಾನುವಾರ ಪೂರ್ತಿ ಹೋಗುತ್ತದೆ. ಪ್ಯಾಕೇಜಿಂಗ್ ಬಗ್ಗೆ ಒಂದು ತಿಂಗಳು ಪಾಠ ಕೇಳಿ ತಿಳಿಯದ್ದು ಆ ಭಾನುವಾರ ತಿಳಿಯುತ್ತದೆ.

ಹೀಗೆ ಬಿಡಿಸಿ ನೋಡಲು ಯೋಗ್ಯವಾದದ್ದು ನಮ್ಮ ಸುತ್ತ ರಾಶಿ ಬಿದ್ದಿದೆ. ಊದುಬತ್ತಿ ಪ್ಯಾಕೆಟ್, ಬೀಡಿ ಕಟ್ಟಿನ ಲೇಬಲ್, ಯಕ್ಷಗಾನದ ಕರಪತ್ರ, ವೃತ್ತಿ ನಾಟಕ ಕಂಪನಿಯ ಭಿತ್ತಿಪತ್ರ, ಕೆಂಪು ಬಸ್ಸಿನ ಮಾರ್ಗಫಲಕ, ಲಾರಿಯ ಹಿಂಬದಿ. ಮೊಬೈಲಿನಲ್ಲಿ ಫೋಟೊ ತೆಗೆದು ಮರೆತುಬಿಟ್ಟರೆ ಪ್ರಯೋಜನವಿಲ್ಲ. ವಾರಕ್ಕೊಂದನ್ನು ಆರಿಸಿ, ಅದನ್ನು ನೋಟ್‌ಬುಕ್ಕಿನಲ್ಲಿ ಬರೆದು, ಪಕ್ಕದಲ್ಲಿ ಎರಡು ಸಾಲು ಟಿಪ್ಪಣಿ ಮಾಡಿ: ಎಲ್ಲಿ ಕಂಡದ್ದು, ಯಾಕೆ ಹಿಡಿಸಿತು. ಬೋರ್ಡ್ ಬರೆಯುವ ಪೇಂಟರ್ ಯಾರಾದರೂ ನಿಮ್ಮ ಊರಿನಲ್ಲಿ ಇನ್ನೂ ಕೆಲಸ ಮಾಡುತ್ತಿದ್ದರೆ ಅವರ ಪಕ್ಕ ಅರ್ಧ ದಿನ ನಿಂತುಕೊಳ್ಳಿ. ಸೀಮೆಸುಣ್ಣದ ದಾರ ಚಿಮ್ಮಿಸಿ ಗೆರೆ ಹಾಕುವುದು, ಹೆಸರಿನ ಮಧ್ಯದ ಅಕ್ಷರದಿಂದ ಅಳತೆ ಶುರು ಮಾಡುವುದು, ಒತ್ತಿಗೆಂದು ಕೆಳಗೆ ಜಾಗ ಬಿಡುವುದು ಅವರ ಕೈಗೆ ಉಸಿರಾಟದಷ್ಟು ಸಲೀಸು. ಫ್ಲೆಕ್ಸ್ ಬಂದ ಮೇಲೆ ಅವರಲ್ಲಿ ಬಹಳ ಮಂದಿ ಬ್ರಷ್ ಕೆಳಗಿಟ್ಟಿದ್ದಾರೆ. ಉಳಿದವರ ಹತ್ತಿರ ಕಲಿಯುವ ಕಾಲ ಇದೇ.

ಧಾರವಾಡದ ಕಡೆಯ ಕಸೂತಿಯನ್ನು ಒಮ್ಮೆ ಲೆಕ್ಕದ ಕಣ್ಣಿನಿಂದ ನೋಡಿ. ಅಲ್ಲಿ ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವುದಿಲ್ಲ. ಎಳೆ ಎಣಿಸಿ ಸೂಜಿ ಹಾಕುತ್ತಾರೆ. ಗವಂತಿ, ಮುರ್ಗಿ, ನೇಯ್ಗೆ, ಮೆಂತೆ ಎಂದು ನಾಲ್ಕು ಬಗೆಯ ಹೊಲಿಗೆ. ಗವಂತಿ ಮತ್ತು ಮುರ್ಗಿಯಲ್ಲಿ ಬಟ್ಟೆಯ ಎರಡೂ ಮೈ ಒಂದೇ ಥರ ಕಾಣಬೇಕು. ಗೋಪುರ, ತೇರು, ಆನೆ, ತುಳಸಿಕಟ್ಟೆ ಎಲ್ಲವೂ ನೇರ ಗೆರೆ, ಅಡ್ಡ ಗೆರೆ, ಓರೆ ಗೆರೆಗಳಲ್ಲೇ ಮೂಡುತ್ತವೆ. ಗ್ರಾಫ್ ಹಾಳೆ ತೆಗೆದುಕೊಂಡು ಒಂದು ತೇರನ್ನು ಹಾಗೆ ಬರೆಯಿರಿ. ಆಮೇಲೆ ಅದೇ ತೇರನ್ನು ಉದ್ದಗಲ 24 ಚೌಕಗಳೊಳಗೆ ಹಿಡಿಸಿ. ಮೊಬೈಲ್ ಆ್ಯಪ್‌ಗೆ ಐಕಾನ್ ಮಾಡುವವರು ಪಡುವ ಪಾಡು ಇದೇ: ಏನನ್ನು ಉಳಿಸಬೇಕು, ಏನನ್ನು ಬಿಡಬೇಕು.

ಇಲ್ಲೊಂದು ಮಾತು ಗಟ್ಟಿಯಾಗಿ ಹೇಳಬೇಕು. ಮಲೆನಾಡಿನ ದೀವರ ಹೆಣ್ಣುಮಕ್ಕಳ ಹಸೆ ಚಿತ್ತಾರವನ್ನೋ ಕಸೂತಿಯನ್ನೋ ಅಂತರ್ಜಾಲದಿಂದ ಇಳಿಸಿಕೊಂಡು ಪೋಸ್ಟರಿನ ಅಂಚಿಗೆ ಅಂಟಿಸಿದರೆ ನಿಮ್ಮ ಕೆಲಸಕ್ಕೆ ನಾಡಿನ ಗುರುತು ಬಂದುಬಿಡುವುದಿಲ್ಲ. ಆ ಗೆರೆಗಳಿಗೆ ಹೆಸರುಗಳಿವೆ, ಅವನ್ನು ಬರೆಯುವ ಸಂದರ್ಭಗಳಿವೆ, ಬರೆಯುವ ಕೈಗಳಿವೆ. ಬಳಸಬೇಕೆಂದಿದ್ದರೆ ಅವರಿಂದ ಕಲಿಯಿರಿ, ಅವರ ಹೆಸರು ಹಾಕಿ, ಹಣ ಬರುವ ಕೆಲಸವಾದರೆ ಅವರಿಗೂ ಪಾಲು ಸಲ್ಲಲಿ.

ನಕಲು ಮಾಡಿ, ಆದರೆ ಬಿಚ್ಚಿಟ್ಟು ಮಾಡಿ

ನಕಲು ಮಾಡುವುದು ತಪ್ಪು ಎಂದು ಹೆದರಿಸಿ ವಿದ್ಯಾರ್ಥಿಗಳ ಕೈ ಕಟ್ಟಿಹಾಕಿದ್ದೇವೆ. ಸಂಗೀತ ಕಲಿಯುವವರು ಗುರು ಹಾಡಿದ್ದನ್ನೇ ಹಾಡುತ್ತ ವರ್ಷಗಟ್ಟಲೆ ಕಳೆಯುತ್ತಾರೆ, ಅವರನ್ನು ಯಾರೂ ಕಳ್ಳರೆನ್ನುವುದಿಲ್ಲ. ನಿಮಗೆ ಇಷ್ಟವಾದ ಮುಖಪುಟವೊಂದನ್ನು ಮೊದಲಿನಿಂದ ಕೊನೆವರೆಗೆ ನೀವೇ ಮರಳಿ ಕಟ್ಟಿ. ಕನ್ನಡ ಪುಸ್ತಕಗಳಲ್ಲೇ ಇದಕ್ಕೆ ದೊಡ್ಡ ಖಜಾನೆ ಇದೆ. ಚಂದ್ರನಾಥ ಆಚಾರ್ಯ, ಪ.ಸ. ಕುಮಾರ್, ಅಪಾರ ಅವರ ಮುಖಪುಟಗಳನ್ನು ಒಟ್ಟಿಗೆ ಹರಡಿಕೊಂಡು ಕೂತರೆ ಮೂವರು ಒಂದೇ ಭಾಷೆಯ ಓದುಗರನ್ನು ಮೂರು ರೀತಿಯಲ್ಲಿ ಕರೆಯುವುದು ಕಾಣುತ್ತದೆ. ಧಾರವಾಡದ ಮನೋಹರ ಗ್ರಂಥಮಾಲೆ, ಹೆಗ್ಗೋಡಿನ ಅಕ್ಷರ ಪ್ರಕಾಶನದ ಹಳೆಯ ಪುಸ್ತಕಗಳನ್ನು ಊರಿನ ಗ್ರಂಥಾಲಯದಲ್ಲಿ ಹುಡುಕಿ. ಒಂದೇ ಬಣ್ಣ, ಹೆಚ್ಚೆಂದರೆ ಎರಡು ಬಣ್ಣದ ಅಚ್ಚಿನಲ್ಲಿ ಆ ಕಾಲದವರು ಎಂಥ ಕೆಲಸ ತೆಗೆದಿದ್ದಾರೆ ಎಂದು ಬೆರಗಾಗುತ್ತದೆ.

ನಕಲು ಮಾಡಿದ್ದರ ಮೇಲೆ ‘ಇಂಥವರ ಕೆಲಸ ನೋಡಿ ಮಾಡಿದ ಅಭ್ಯಾಸ’ ಎಂದು ಬರೆದಿಡಿ. ಕಾಲೇಜಿನ ಅಸೈನ್‌ಮೆಂಟಿಗಾಗಲಿ, ಪೋರ್ಟ್‌ಫೋಲಿಯೊಗಾಗಲಿ ಅದನ್ನು ಸ್ವಂತದ್ದೆಂದು ಹಾಕಬೇಡಿ. ಮುಂದಿನ ಹೆಜ್ಜೆಯೇ ಮುಖ್ಯ: ಅದೇ ಪುಸ್ತಕಕ್ಕೆ ಈಗ ನೀವು ಬೇರೆ ಮುಖಪುಟ ಮಾಡಿ, ಪುಸ್ತಕ ಓದಿ ಮಾಡಿ. ಓದದೆ ಮಾಡಿದ ಮುಖಪುಟ ಓದಿದವರಿಗೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ಎಐ ಚಿತ್ರಗಳ ವಿಷಯದಲ್ಲಿ ನನ್ನ ನಿಲುವು ಸರಳ. ಕಲಿಯುವ ವರ್ಷಗಳಲ್ಲಿ ನಿಮ್ಮ ಕೈ ಮಾಡಬೇಕಾದ ಕೆಲಸವನ್ನು ಅದಕ್ಕೆ ಒಪ್ಪಿಸಬೇಡಿ. ಕನ್ನಡ ಅಕ್ಷರ ಬರೆಸಿದರಂತೂ ಇವತ್ತಿಗೂ ಎಷ್ಟೋ ಸಲ ಒತ್ತು ತಪ್ಪಿ, ಇಲ್ಲದ ಅಕ್ಷರವೇ ಹುಟ್ಟಿಕೊಳ್ಳುತ್ತದೆ. ಅದನ್ನು ಗುರುತಿಸಲಾದರೂ ನಿಮಗೆ ಅಕ್ಷರ ಗೊತ್ತಿರಬೇಕು.

ಕಂಪ್ಯೂಟರಿನಲ್ಲಿ ಕನ್ನಡ

ಇಲ್ಲಿ ಎಡವುವವರು ಬಹಳ. ಡಿಸೈನ್ ಕಾಲೇಜಿನಲ್ಲಿ ಇದನ್ನು ಬಿಡಿಸಿ ಹೇಳಿಕೊಡುವುದೂ ಅಪರೂಪ. ಹಾಗಾಗಿ ತುಸು ವಿವರವಾಗಿ ಹೇಳುತ್ತೇನೆ.

ಡಿಟಿಪಿ ಅಂಗಡಿಗಳಲ್ಲಿ, ಮುದ್ರಣಾಲಯಗಳಲ್ಲಿ ಕನ್ನಡ ಗಣಕ ಪರಿಷತ್ತಿನ ನುಡಿ, ಬರಹ, ಶ್ರೀಲಿಪಿಯ ಹಳೆಯ ಫಾಂಟುಗಳು ಇನ್ನೂ ಓಡುತ್ತಿವೆ. ಅವುಗಳಲ್ಲಿ ಕನ್ನಡದ ತುಣುಕುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತವೆ. ಫಾಂಟ್ ಬದಲಿಸಿದ ಕೂಡಲೇ ಇಡೀ ಬರಹ ಅರ್ಥವಿಲ್ಲದ ಇಂಗ್ಲಿಷ್ ಗೀಚಾಗಿ ಬಿಡುತ್ತದೆ. ಯುನಿಕೋಡ್ ಫಾಂಟಿನಲ್ಲಿ ಆ ತೊಂದರೆ ಇಲ್ಲ, ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಕೇತ ಇರುತ್ತದೆ. ಗಿರಾಕಿ ಕೊಟ್ಟ ಬರಹ ಯಾವುದರಲ್ಲಿದೆ ಎಂದು ಮೊದಲೇ ಕೇಳಿ, ಹಳೆಯದಾದರೆ ಪರಿವರ್ತಕದಲ್ಲಿ ಹಾಕಿ ಯುನಿಕೋಡಿಗೆ ತನ್ನಿ, ತಂದ ಮೇಲೆ ಒಂದು ಸಲ ಪೂರ್ತಿ ಓದಿ. ಪರಿವರ್ತನೆಯಲ್ಲಿ ಅರ್ಕಾವತ್ತು ಜಾಗ ತಪ್ಪುವುದು ಮಾಮೂಲು.

ಯುನಿಕೋಡ್ ಬರಹವನ್ನು ಇನ್‌ಡಿಸೈನ್‌ನಲ್ಲೋ ಇಲ್ಲಸ್ಟ್ರೇಟರ್‌ನಲ್ಲೋ ಹಾಕಿದಾಗ ಒತ್ತಕ್ಷರ ಒಡೆದು, ‘ಕ್ಕ’ ಬದಲು ‘ಕ್‌ಕ’ ಎಂದು ಕಂಡರೆ ಫಾಂಟನ್ನು ಬಯ್ಯಬೇಡಿ. ಇನ್‌ಡಿಸೈನ್‌ನ ಪ್ಯಾರಾಗ್ರಾಫ್ ಪ್ಯಾನೆಲ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಬೇಕು. ಇಲ್ಲಸ್ಟ್ರೇಟರ್‌ನ ಪ್ರಿಫರೆನ್ಸಸ್‌ನಲ್ಲಿ ಇಂಡಿಕ್ ಆಪ್ಷನ್ಸ್ ಎಂಬುದನ್ನು ತೆರೆಯಬೇಕು. ಹಣ ಕೊಟ್ಟು ಸಾಫ್ಟ್‌ವೇರ್ ಕೊಳ್ಳಲಾಗದವರಿಗೆ ಇಂಕ್‌ಸ್ಕೇಪ್ ಇದೆ, ಪುಕ್ಕಟೆ, ಕನ್ನಡ ಒತ್ತುಗಳನ್ನು ಸರಿಯಾಗಿಯೇ ಕೂರಿಸುತ್ತದೆ. ಯಾವುದೇ ಹೊಸ ಫಾಂಟ್ ಕೈಗೆ ಬಂದಾಗ ‘ರಾಷ್ಟ್ರೀಯ’, ‘ಸ್ವಾತಂತ್ರ್ಯ’, ‘ಕೃಷ್ಣ’, ‘ವರ್ಷ’ ಈ ನಾಲ್ಕು ಪದ ಬರೆದು ಪರೀಕ್ಷಿಸಿ. ಎರಡೆರಡು ಒತ್ತು, ವಟ್ರಸುಳಿ, ಅರ್ಕಾವತ್ತು ಎಲ್ಲ ಅದರಲ್ಲಿ ಬಂದುಬಿಡುತ್ತವೆ.

ಸಾಲುಗಳ ನಡುವಿನ ಅಂತರ ಇನ್ನೊಂದು ಬಲೆ. ಇನ್‌ಡಿಸೈನ್, ಇಲ್ಲಸ್ಟ್ರೇಟರ್ ತಾವಾಗಿ ಕೊಡುವ ಅಂತರ ಅಕ್ಷರದ ಅಳತೆಯ ಶೇ 120. ಇಂಗ್ಲಿಷಿಗೆ ಅದು ಸಾಕು. ಕನ್ನಡದಲ್ಲಿ ಒತ್ತು ಕೆಳಗಿಳಿಯುವುದರಿಂದ ನಾನು ಶೇ 145ರ ಆಸುಪಾಸಿನಿಂದ ಶುರು ಮಾಡಿ ಫಾಂಟ್ ನೋಡಿಕೊಂಡು ಹೆಚ್ಚು ಕಡಿಮೆ ಮಾಡುತ್ತೇನೆ. ಕನ್ನಡಕ್ಕೆ ದೊಡ್ಡಕ್ಷರ ಸಣ್ಣಕ್ಷರದ ಭೇದ ಇಲ್ಲ, ಓರೆ ಅಕ್ಷರದ ಪರಂಪರೆಯೂ ಇಲ್ಲ. ಇಂಗ್ಲಿಷ್ ಪುಟದಲ್ಲಿ ಅವುಗಳಿಂದ ಮಾಡುವ ಕೆಲಸವನ್ನು ನಾವು ದಪ್ಪ, ಅಳತೆ, ಬಣ್ಣ, ಖಾಲಿ ಜಾಗದಿಂದ ಮಾಡಬೇಕು. ಕನ್ನಡ ಅಕ್ಷರವನ್ನು ಕಂಪ್ಯೂಟರಿನಲ್ಲಿ ಬಲವಂತವಾಗಿ ಓರೆ ಮಾಡಿದರೆ ಅದು ಬೀಳುತ್ತಿರುವಂತೆ ಕಾಣುತ್ತದೆ. ಜಾಗ ತುಂಬಿಸಲು ಅಡ್ಡಕ್ಕೋ ಉದ್ದಕ್ಕೋ ಎಳೆದರೆ ಅದರ ಗುಂಡುತನವೇ ಸತ್ತುಹೋಗುತ್ತದೆ. ನಮ್ಮ ಊರುಗಳ ಫ್ಲೆಕ್ಸ್ ತುಂಬ ಹೀಗೆ ಎಳೆದ ಅಕ್ಷರಗಳೇ. ಇದೊಂದನ್ನು ಮಾಡದಿದ್ದರೆ ಸಾಕು, ನಿಮ್ಮ ಕೆಲಸ ಸಾಲಿನಲ್ಲಿ ಬೇರೆಯಾಗಿ ನಿಲ್ಲುತ್ತದೆ.

ಗೂಗಲ್ ಫಾಂಟ್ಸ್‌ನಲ್ಲಿ ನೋಟೊ, ಅನೇಕ್ ಕನ್ನಡ, ಬಾಲೂ ತಮ್ಮ, ತಿರೊ ಕನ್ನಡ ಮುಂತಾದ ಮುಕ್ತ ಫಾಂಟುಗಳು ಸಿಗುತ್ತವೆ. ಹಣ ಬರುವ ಕೆಲಸಕ್ಕೂ ಧಾರಾಳವಾಗಿ ಬಳಸಬಹುದು. ಮುಂಬೈಯ ಏಕ್ ಟೈಪ್ ತಂಡದ ಬಾಲೂವನ್ನು ವಿಶೇಷವಾಗಿ ಗಮನಿಸಿ. ಕನ್ನಡಕ್ಕೆ ತಮ್ಮ, ತಮಿಳಿಗೆ ತಂಬಿ, ಮಲಯಾಳಕ್ಕೆ ಚೇಟ್ಟನ್, ಗುರುಮುಖಿಗೆ ಪಾಜಿ ಎಂದು ಹೆಸರಿಟ್ಟು, ಒಂದೇ ಮನೆತನದ ಗುಣ ಉಳಿಸಿಕೊಂಡೇ ಪ್ರತಿ ಲಿಪಿಯನ್ನೂ ಅದರ ನಡಿಗೆಯಲ್ಲಿ ನಡೆಯಲು ಬಿಟ್ಟಿದ್ದಾರೆ. ಎರಡು ಲಿಪಿಗಳನ್ನು ಪಕ್ಕಪಕ್ಕ ಕೂರಿಸುವುದು ಹೇಗೆಂದು ಕಲಿಯಲು ಒಳ್ಳೆಯ ಪಾಠ. ಕದ್ದ ಫಾಂಟ್ ಮಾತ್ರ ಬೇಡ. ಒಂದು ಕನ್ನಡ ಫಾಂಟ್ ಮಾಡಲು ನೂರಾರು ತುಣುಕುಗಳನ್ನು ಒಂದೊಂದಾಗಿ ತಿದ್ದಬೇಕು, ಅದರ ಬೆಲೆ ನಿಮಗಲ್ಲದೆ ಯಾರಿಗೆ ಗೊತ್ತಾಗಬೇಕು?

ಎರಡು ಲಿಪಿ ಕೂರಿಸುವ ಈ ಕಲೆಗೆ ಈಗ ಕೈತುಂಬ ಕೆಲಸವೂ ಇದೆ. 2024ರಲ್ಲಿ ತಿದ್ದುಪಡಿಯಾದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ ಪ್ರಕಾರ ರಾಜ್ಯದ ಅಂಗಡಿ, ಕಚೇರಿಗಳ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಎಷ್ಟೋ ಕಂಪನಿಗಳು ಇಂಗ್ಲಿಷ್ ಲೋಗೊ ಪಕ್ಕ ಸಿಕ್ಕಿದ ಕನ್ನಡ ಫಾಂಟೊಂದನ್ನು ಅಂಟಿಸಿ ಕೈ ತೊಳೆದುಕೊಂಡಿವೆ. ನಿಮ್ಮ ಬೀದಿಯಲ್ಲೇ ಅಂಥ ಬೋರ್ಡೊಂದನ್ನು ಆರಿಸಿ. ಇಂಗ್ಲಿಷ್ ಅಕ್ಷರದ ದಪ್ಪ, ಮೂಲೆಗಳ ದುಂಡು, ತೆರೆದ ಜಾಗ ಇವನ್ನೆಲ್ಲ ಅಳೆದು, ಅದಕ್ಕೆ ಒಗ್ಗುವಂತೆ ಅದೇ ಹೆಸರನ್ನು ಕನ್ನಡದಲ್ಲಿ ಕೈಯಿಂದ ಬರೆಯಿರಿ. ಇಂಗ್ಲಿಷಿನ ‘ಎಸ್’ ಅನ್ನು ಮುರಿದು ಕನ್ನಡದ ‘ಸ’ ಮಾಡಲು ಹೋಗಬೇಡಿ, ಲೋಗೊದ ಗುಣ ತನ್ನಿ, ಮೂಳೆ ಕನ್ನಡದ್ದೇ ಇರಲಿ. ಪೋರ್ಟ್‌ಫೋಲಿಯೊದಲ್ಲಿ ಇಂಥ ಮೂರು ಕೆಲಸ ಇದ್ದರೆ ಕರೆದು ಕೆಲಸ ಕೊಡುವವರಿದ್ದಾರೆ.

ಪ್ರೆಸ್ಸಿಗೆ ಹೋಗಿ

ಪರದೆಯ ಮೇಲೆ ಹೊಳೆದ ನೀಲಿ ಕಾಗದದ ಮೇಲೆ ಮಂಕಾಗುತ್ತದೆ. ಇದನ್ನು ಓದಿ ತಿಳಿಯುವುದಕ್ಕಿಂತ ಮುದ್ರಣಾಲಯದಲ್ಲಿ ನಿಂತು ನೋಡಿ ತಿಳಿಯುವುದು ಒಳ್ಳೆಯದು. ಗದಗ ಮುದ್ರಣಕ್ಕೆ ಹೆಸರಾದ ಊರು, ಬೆಂಗಳೂರಿನ ಸುಲ್ತಾನ್‌ಪೇಟೆಯಲ್ಲಿ ಕಾಗದ, ಲಗ್ನಪತ್ರಿಕೆಯ ಅಂಗಡಿಗಳ ಸಾಲೇ ಇದೆ. ಆದರೆ ಯಾವ ತಾಲ್ಲೂಕು ಕೇಂದ್ರದಲ್ಲೂ ಒಂದು ಪ್ರೆಸ್ ಇದ್ದೇ ಇರುತ್ತದೆ. ಕೆಲಸ ಕಡಿಮೆ ಇರುವ ಹೊತ್ತು ಕೇಳಿಕೊಂಡು ಹೋಗಿ.

ಕನ್ನಡ ಪುಸ್ತಕದ ಮೊದಲ ಪುಟಗಳಲ್ಲಿ ‘ಡೆಮಿ 1/8, 70 ಜಿಎಸ್‌ಎಂ ಮ್ಯಾಪ್‌ಲಿಥೊ’ ಎಂದು ಇರುವುದನ್ನು ಎಲ್ಲರೂ ಹಾರಿಸುತ್ತಾರೆ. ನೀವು ಹಾರಿಸಬಾರದು. ದೊಡ್ಡ ಹಾಳೆಯನ್ನು ಎಂಟಾಗಿ ಮಡಿಸಿದಾಗ ಬರುವ ಅಳತೆ ಅದು, ಸುಮಾರು ಐದೂವರೆ ಇಂಚಿಗೆ ಎಂಟೂವರೆ ಇಂಚು; ಚದರ ಮೀಟರಿಗೆ 70 ಗ್ರಾಂ ತೂಗುವ, ಹೊಳಪಿಲ್ಲದ ಕಾಗದ. ಆ ಅಳತೆಯಲ್ಲಿ ಪುಟ ಕಟ್ಟಿ ಅಭ್ಯಾಸ ಮಾಡಿ. ಸುತ್ತ 3 ಮಿಲಿಮೀಟರ್ ಬ್ಲೀಡ್ ಬಿಡಿ, ಇಲ್ಲದಿದ್ದರೆ ಕಟಿಂಗ್ ಆದ ಮೇಲೆ ಅಂಚಿನಲ್ಲಿ ಬಿಳಿ ಗೆರೆ ಇಣುಕುತ್ತದೆ. ಚಿತ್ರಗಳು 300 ಡಿಪಿಐ ಇರಲಿ. ಸಣ್ಣ ಅಕ್ಷರವನ್ನು ನಾಲ್ಕೂ ಬಣ್ಣ ಬೆರೆಸಿದ ಕಪ್ಪಿನಲ್ಲಿ ಹಾಕಬೇಡಿ. ಪ್ಲೇಟ್ ಒಂದು ಕೂದಲು ಸರಿದರೂ ಒತ್ತಿನ ಸುತ್ತ ಬಣ್ಣದ ನೆರಳು ಕಾಣುತ್ತದೆ. ಮೆಷಿನ್ ಓಡಿಸುವ ಅಣ್ಣನ ಹತ್ತಿರ ಸ್ನೇಹ ಬೆಳೆಸಿಕೊಳ್ಳಿ. ಯಾವ ಬಣ್ಣ ಅವರ ಮೆಷಿನ್ನಿನಲ್ಲಿ ಹೇಗೆ ಬರುತ್ತದೆ ಎಂದು ಅವರಷ್ಟು ಖಚಿತವಾಗಿ ಯಾರೂ ಹೇಳಲಾರರು.

ತರಗತಿಯಲ್ಲಿ, ಜ್ಯೂರಿಯ ಮುಂದೆ

ಕನ್ನಡ ಮಾಧ್ಯಮದಿಂದ ಬಂದ ವಿದ್ಯಾರ್ಥಿಗಳ ಬಗ್ಗೆ ನನಗೆ ಬಹಳ ಕಾಳಜಿ ಇದೆ. ಕೈ ಚೆನ್ನಾಗಿರುತ್ತದೆ, ಕಣ್ಣು ಇನ್ನೂ ಚೆನ್ನಾಗಿರುತ್ತದೆ, ಕೆಲಸ ಪರಿಶೀಲಿಸುವ ಜ್ಯೂರಿಯ ಮುಂದೆ ನಿಂತಾಗ ಮಾತು ನಿಂತುಬಿಡುತ್ತದೆ. ಇಂಗ್ಲಿಷಿನಲ್ಲಿ ಚುರುಕಾಗಿ ವಿವರಿಸುವವರ ಸಾಧಾರಣ ಕೆಲಸ ಮೇಲೆ ಹೋಗುತ್ತದೆ. ಇದು ಅನ್ಯಾಯವೇ. ಆದರೆ ಅದನ್ನು ದಾಟಲು ಒಂದು ದಾರಿ ಇದೆ. ಪ್ರತಿ ಕೆಲಸ ಮುಗಿದ ದಿನ ಅದರ ಬಗ್ಗೆ ಕನ್ನಡದಲ್ಲಿ ಒಂದು ಪುಟ ಬರೆಯಿರಿ: ಯಾರಿಗಾಗಿ ಮಾಡಿದೆ, ಮೊದಲು ಏನು ಯೋಚಿಸಿದ್ದೆ, ಯಾವುದನ್ನು ಬಿಟ್ಟೆ, ಯಾಕೆ ಬಿಟ್ಟೆ. ಯೋಚನೆ ನಿಮ್ಮ ಭಾಷೆಯಲ್ಲಿ ಗಟ್ಟಿಯಾದ ಮೇಲೆ ಅದನ್ನು ಹತ್ತು ಸರಳ ಇಂಗ್ಲಿಷ್ ವಾಕ್ಯದಲ್ಲಿ ಹೇಳುವುದು ಕಷ್ಟವಲ್ಲ. ಮೇಷ್ಟರು ಕನ್ನಡ ಬಲ್ಲವರಾದರೆ ಕನ್ನಡದಲ್ಲೇ ವಿವರಿಸುತ್ತೇನೆ ಎಂದು ಕೇಳಿಕೊಳ್ಳಿ, ಸಂಕೋಚ ಬೇಡ.

ಟೀಕೆ ಕೇಳುವಾಗ ಪೆನ್ನು ಕೈಯಲ್ಲಿರಲಿ. ‘ಚೆನ್ನಾಗಿಲ್ಲ’ ಎಂದರೆ ಎಲ್ಲಿ, ಯಾವುದು ಎಂದು ಕೇಳಿ ಬರೆದುಕೊಳ್ಳಿ. ಒಬ್ಬರು ಹೇಳಿದ್ದನ್ನು ಪರಿಶೀಲಿಸಿ, ಇಬ್ಬರು ಬೇರೆ ಬೇರೆಯಾಗಿ ಅದೇ ಜಾಗವನ್ನು ತೋರಿಸಿದರೆ ತಿದ್ದಿ. ಮನೆಯಲ್ಲಿ ಅಮ್ಮನಿಗೋ ಪಕ್ಕದ ಅಂಗಡಿಯವರಿಗೋ ಪೋಸ್ಟರ್ ತೋರಿಸಿ, ಮೊದಲು ಏನು ಓದಿದಿರಿ ಎಂದು ಕೇಳಿ. ಕಾರ್ಯಕ್ರಮ ಎಲ್ಲಿ, ಎಷ್ಟು ಗಂಟೆಗೆ ಎಂದು ಅವರಿಗೆ ತಿಳಿಯದಿದ್ದರೆ ಆ ಪೋಸ್ಟರ್ ಇನ್ನೂ ಮುಗಿದಿಲ್ಲ.

ಪೋರ್ಟ್‌ಫೋಲಿಯೊ ಮತ್ತು ಮೊದಲ ಸಂಪಾದನೆ

ಪೋರ್ಟ್‌ಫೋಲಿಯೊಗೆ ಆರೇಳು ಕೆಲಸ ಸಾಕು. ಮೂವತ್ತು ಲೋಗೊ ಸಾಲಾಗಿ ಹಾಕಿದರೆ ನೋಡುವವರ ಬೆರಳು ಓಡುತ್ತದೆ, ಕಣ್ಣು ನಿಲ್ಲುವುದಿಲ್ಲ. ಪ್ರತಿಯೊಂದರಲ್ಲೂ ಪೆನ್ಸಿಲ್ ಸ್ಕೆಚ್, ಬಿಟ್ಟುಬಿಟ್ಟ ಎರಡು ದಾರಿ, ಕೊನೆಯ ರೂಪ, ಅದು ನಿಜವಾಗಿ ಬಳಕೆಯಾದ ಜಾಗದ ಫೋಟೊ ಇರಲಿ. ಊರಿನ ಸ್ವಸಹಾಯ ಸಂಘದವರ ರೊಟ್ಟಿ ಪ್ಯಾಕೆಟ್, ಶಾಲೆಯ ವಾರ್ಷಿಕೋತ್ಸವದ ಕರೆಯೋಲೆ, ಗ್ರಂಥಾಲಯದ ದಾರಿಸೂಚಿ, ಜಾತ್ರೆಯ ಭಿತ್ತಿಪತ್ರ ಇಂಥವು ಯಾವುದೋ ಕಲ್ಪನೆಯ ಕಾಫಿ ಬ್ರ್ಯಾಂಡಿಗಿಂತ ನಿಮ್ಮನ್ನು ಚೆನ್ನಾಗಿ ಪರಿಚಯಿಸುತ್ತವೆ. ಜೋಳದ ರೊಟ್ಟಿ ಗೊತ್ತಿರುವವರು ಮಾಡಿದ ರೊಟ್ಟಿ ಪ್ಯಾಕೆಟ್ಟಿನಲ್ಲಿ ಆ ಗೊತ್ತಿರುವಿಕೆ ಕಂಡೇ ಕಾಣುತ್ತದೆ. ಒಂದು ಕೆಲಸವಾದರೂ ಪೂರ್ತಿ ಕನ್ನಡ ಅಕ್ಷರದ್ದೇ ಇರಲಿ.

ಸಂಬಂಧಿಕರ, ಸ್ನೇಹಿತರ ಕೆಲಸಕ್ಕೆ ದುಡ್ಡು ಕೇಳಲು ಮುಜುಗರ ಆಗುತ್ತದೆ. ಪುಕ್ಕಟೆ ಮಾಡುವುದಾದರೂ ಎಷ್ಟು ಸಲ ತಿದ್ದಿಕೊಡುತ್ತೇನೆ, ಯಾವ ದಿನ ಕೊಡುತ್ತೇನೆ, ಪೋರ್ಟ್‌ಫೋಲಿಯೊದಲ್ಲಿ ಹಾಕಿಕೊಳ್ಳುತ್ತೇನೆ ಎಂಬ ಮೂರನ್ನು ವಾಟ್ಸ್‌ಆ್ಯಪ್‌ನಲ್ಲಾದರೂ ಬರೆದು ಒಪ್ಪಿಸಿಕೊಳ್ಳಿ. ಹಣದ ಕೆಲಸವಾದರೆ ಅರ್ಧ ಮುಂಗಡ ಕೇಳಿ, ಓಪನ್ ಫೈಲ್ ಕೊಡಬೇಕೇ ಬೇಡವೇ ಎಂಬುದನ್ನೂ ಮೊದಲೇ ಮಾತಾಡಿಕೊಳ್ಳಿ. ಅಚ್ಚಿಗೆ ಕಳಿಸುವ ಮುನ್ನ ಗಿರಾಕಿಯಿಂದ ಪ್ರೂಫಿನ ಮೇಲೆ ಸಹಿ ಹಾಕಿಸಿ.

ಆ ಪ್ರೂಫನ್ನು ನೀವೂ ಓದಬೇಕು. ಅಕಾರ ಹಕಾರ, ಅಲ್ಪಪ್ರಾಣ ಮಹಾಪ್ರಾಣ, ಕೈತಪ್ಪಿ ಬಿಟ್ಟ ದೀರ್ಘ, ಎಲ್ಲವನ್ನೂ ಬೆರಳಿಟ್ಟು ಓದಿ. ಡಿಸೈನರ್ ಕೆಲಸ ಅಂದಚೆಂದವಷ್ಟೇ, ಕಾಗುಣಿತ ಗಿರಾಕಿಯ ಹೊಣೆ ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಮನೆಯಲ್ಲಿ ಒಂದು ಒಳ್ಳೆಯ ನಿಘಂಟು ಇಟ್ಟುಕೊಳ್ಳಿ, ಅನುಮಾನ ಬಂದ ಪದವನ್ನು ತೆಗೆದು ನೋಡಿ, ಆಮೇಲೆ ಪ್ಲೇಟ್ ಮಾಡಲು ಹೇಳಿ.